ನಾಲ್ಕು ಕಡ್ಡಿಯ ಟೋಪಿ

ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಬಂದ ತಮ್ಮನ ಮಗಳು ಚೀಲದಿಂದ ಒಂದು ಹೆಣಿಗೆ ತೆಗೆದಳು. ಎರಡು ಗಿಡ್ಡ ಕಡ್ಡಿ, ನಡುವೆ ಅವನ್ನು ಕೂಡಿಸುವ ಪ್ಲಾಸ್ಟಿಕ್ ತಂತಿ. ಅದರ ಮೇಲೆ ಬೂದು ಬಣ್ಣದ ಉಣ್ಣೆ ಟೋಪಿಯೊಂದು ಮುಕ್ಕಾಲು ಬೆಳೆದಿತ್ತು. ಎರಡು ಸೀದಾ, ಎರಡು ಉಲ್ಟಾ, ಮತ್ತೆ ಎರಡು ಸೀದಾ, ಎರಡು ಉಲ್ಟಾ. ಸ್ವೆಟರಿನ ಬಾರ್ಡರಿಗೆ ಹಾಕುತ್ತಿದ್ದೆವಲ್ಲ, ಅದೇ ಪಟ್ಟೆ ಪಟ್ಟೆಯ ರಿಬ್ಬು. ಫೋನಿನಲ್ಲಿ ವಿಡಿಯೊ ನೋಡಿ ಕಲಿತಳಂತೆ. ನೆತ್ತಿಗೆ ಕುಣಿಕೆ ಕಡಿಮೆ ಮಾಡಬೇಕಾದ ಜಾಗಕ್ಕೆ ಬಂದು ನಿಂತುಬಿಟ್ಟಿದ್ದಳು. ಕುಣಿಕೆ ಕಡಿಮೆಯಾದ ಹಾಗೆ ಟೋಪಿಯ ಸುತ್ತಳತೆ ಕಿರಿದಾಗುತ್ತದೆ, ತಂತಿ ಅಷ್ಟೇ ಉದ್ದ ಉಳಿಯುತ್ತದೆ, ಕೊನೆಗೆ ಕುಣಿಕೆಗಳು ತಂತಿಯ ಈ ತುದಿಯಿಂದ ಆ ತುದಿಗೆ ಮುಟ್ಟುವುದಿಲ್ಲ. ‘ಇಲ್ಲಿಂದ ಮುಂದೆ ಹೆಂಗೆ ಅತ್ತೆ?’ ಎಂದಳು.

ಅಟ್ಟದ ಟ್ರಂಕಿನಲ್ಲಿ ನನ್ನ ನಾಲ್ಕು ಕಡ್ಡಿಗಳಿದ್ದವು. ಎರಡೂ ತುದಿ ಚೂಪಾಗಿರುವ 8 ನಂಬರಿನ ಕಡ್ಡಿಗಳು. ಮೂರು ಕಡ್ಡಿಗೆ ಕುಣಿಕೆಗಳನ್ನು ಹಂಚಿ, ತ್ರಿಕೋನ ಮಾಡಿಕೊಂಡು, ನಾಲ್ಕನೆಯದರಿಂದ ಹೆಣೆಯತೊಡಗಿದೆ. ಅವಳ ಟೋಪಿಯಲ್ಲಿ 96 ಕುಣಿಕೆ ಇದ್ದವು. ಎರಡೆರಡು ಉಲ್ಟಾಗಳನ್ನು ಒಂದು ಮಾಡಿದ ಸುತ್ತಿಗೆ 72 ಆದವು. ಒಂದು ಸಾದಾ ಸುತ್ತು ಬಿಟ್ಟು ಎರಡೆರಡು ಸೀದಾಗಳನ್ನು ಒಂದು ಮಾಡಿದರೆ 48. ಆಮೇಲೆ ಎಲ್ಲವನ್ನೂ ಜೋಡಿ ಜೋಡಿಯಾಗಿ ಸೇರಿಸುತ್ತ 24, ಮತ್ತೆ 12. ಉಳಿದ ಹನ್ನೆರಡರೊಳಗೆ ದಾರ ತೂರಿಸಿ ಬಿಗಿಯಾಗಿ ಎಳೆದಾಗ ನೆತ್ತಿ ಮುಚ್ಚಿಕೊಂಡಿತು. ಹುಡುಗಿ ಟೋಪಿ ಹಾಕಿಕೊಂಡು ಕನ್ನಡಿಯ ಕಡೆ ಓಡಿದಳು. ನಾನು ಮಾತ್ರ ಆ ಲೆಕ್ಕ ಕಲಿಸಿದ ಟೀಚರಮ್ಮನ ಪಡಸಾಲೆಗೆ ಹೋಗಿಬಿಟ್ಟಿದ್ದೆ. ಅವತ್ತಿನಿಂದ ಅವರನ್ನು, ಆ ಕಾಲದ ನಮ್ಮೂರನ್ನು ಮತ್ತೆ ಮತ್ತೆ ತೂಗಿ ನೋಡುತ್ತಿದ್ದೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಚನ್ನಗಿರಿ ತಾಲ್ಲೂಕು ಆಗ ಶಿವಮೊಗ್ಗ ಜಿಲ್ಲೆಯಲ್ಲಿತ್ತು, ದಾವಣಗೆರೆ ಜಿಲ್ಲೆಗೆ ಸೇರಿದ್ದು 1997ರಲ್ಲಿ. ನಮ್ಮೂರು ಬಸವಾಪಟ್ಟಣ ಪಾಳೇಗಾರರು ಆಳಿದ ಊರು, ಆದರೆ ನಮ್ಮ ಮನೆಗಳಲ್ಲಿ ಪಾಳೇಗಾರರ ಮಾತಿಗಿಂತ ಭದ್ರಾ ನಾಲೆಯ ಮಾತೇ ಹೆಚ್ಚು. ನೀರು ಯಾವತ್ತು ಬಿಡುತ್ತಾರೆ, ಸರದಿ ಯಾರದು, ರಾತ್ರಿ ಯಾರು ಹೋಗಿ ತೂಬು ತಿರುಗಿಸುವುದು. ಗದ್ದೆಯ ಬಯಲುಗಳ ನಡುವೆ ಅಡಿಕೆ ತೋಟಗಳು ಒಂದೊಂದಾಗಿ ಏಳುತ್ತಿದ್ದವು. ಮಾರ್ಗಶಿರ, ಪುಷ್ಯದ ಬೆಳಗಿನ ಜಾವ ತೋಟದ ಕಡೆಯಿಂದ ಬರುವ ಥಂಡಿಗೆ ಕಿವಿ ಮರಗಟ್ಟುತ್ತಿತ್ತು. ಗಂಡಸರು ತಲೆಗೆ ಟವೆಲ್ಲು ಸುತ್ತಿ, ಮೈಮೇಲೆ ಕಂಬಳಿ ಹೊದ್ದು ನೀರು ಕಟ್ಟಲು ಹೋಗುತ್ತಿದ್ದರು. ಹೆಂಗಸರಿಗೆ ಅದೇ ಹೊತ್ತಿನಲ್ಲಿ ಅಡಿಕೆ ಸುಲಿಯುವ ಕೆಲಸ. ಹಸಿ ಅಡಿಕೆಯ ಸಿಪ್ಪೆಯ ಒಗರು ಹತ್ತಿ ಅವ್ವನ ಬೆರಳುಗಳು ಆ ನಾಲ್ಕು ತಿಂಗಳು ಕಪ್ಪಾಗಿಯೇ ಇರುತ್ತಿದ್ದವು, ಉಗುರಿನ ಸಂದಿಯಂತೂ ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ.

ಟೀಚರಮ್ಮ ನಮ್ಮೂರಿನವರಲ್ಲ. ಮಲೆನಾಡಿನ ಕಡೆಯಿಂದ ವಯಸ್ಸಾದ ತಾಯಿಯನ್ನು ಕರೆದುಕೊಂಡು ಬಂದು ಪೇಟೆ ಬೀದಿಯ ಹಿಂದೆ ಬಾಡಿಗೆ ಮನೆ ಹಿಡಿದಿದ್ದರು. ಶಾಲೆ ಬಿಟ್ಟ ಮೇಲೆ ಸಂಜೆ ಅವರ ಪಡಸಾಲೆಯಲ್ಲಿ ನಾವು ಏಳೆಂಟು ಹುಡುಗಿಯರು ಚಾಪೆ ಹಾಸಿ ಕೂರುತ್ತಿದ್ದೆವು. ಹೆಣಿಗೆಯನ್ನು ಎಳವೆಯಲ್ಲಿ ಕಾನ್ವೆಂಟ್ ಶಾಲೆಯಲ್ಲಿ ಕಲಿತದ್ದೆಂದು ಟೀಚರಮ್ಮ ಹೇಳುತ್ತಿದ್ದರು. ನಮ್ಮ ನಾಡಿನ ಬಹುಪಾಲು ಕಡ್ಡಿ ಹೆಣಿಗೆಯ ಬೇರು ಅಲ್ಲೇ ಇದೆ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರೂ, ಹಳೆ ಮೈಸೂರಿನ ಕಡೆ ವೆಸ್ಲಿಯನ್ ಮಿಷನ್ನಿನವರೂ, ಆಮೇಲೆ ಕಾನ್ವೆಂಟುಗಳೂ ಹೆಣ್ಣುಮಕ್ಕಳಿಗೆ ಓದು ಬರಹದ ಜೊತೆಗೆ ಸೂಜಿ ಕೆಲಸ ಕಲಿಸಿದರು. ಹಾಗೆ ಕಲಿತವರಿಂದ ಕಲಿತವರು ಸಣ್ಣ ಊರುಗಳಿಗೂ ಬಂದರು. 1962ರ ಚೀನಾ ಯುದ್ಧದ ಚಳಿಗಾಲದಲ್ಲಿ ದೇಶದ ಹೆಂಗಸರು ಗಡಿಯ ಸೈನಿಕರಿಗಾಗಿ ಸ್ವೆಟರ್, ಟೋಪಿ ಹೆಣೆದು ಕಳಿಸಿದರಲ್ಲ, ಆಗ ತಾವೂ ರಾತ್ರಿ ಹಗಲು ಹೆಣೆದದ್ದನ್ನು ಟೀಚರಮ್ಮ ಹೆಮ್ಮೆಯಿಂದ ನೆನೆಯುತ್ತಿದ್ದರು. ‘ಎಲ್ಲ ನಾಲ್ಕು ಕಡ್ಡಿ ಟೋಪಿ. ಹೊಲಿಗೆ ಇದ್ರೆ ಹೆಲ್ಮೆಟ್ಟಿನ ಕೆಳಗೆ ಒತ್ತುತ್ತೆ’ ಎನ್ನುವರು. ಕೂಸಿನ ಟೋಪಿಗೂ ಅದೇ ಮಾತು. ಎಳೆಯ ತಲೆಗೆ ಹೊಲಿಗೆಯ ಗೆರೆ ತಾಗಬಾರದು.

ಮೊದಲ ದಿನಗಳಲ್ಲಿ ನಮಗೆ ಕಡ್ಡಿ ಕೊಳ್ಳುವ ಹಾಗಿರಲಿಲ್ಲ, ಅದು ಅವರದೇ ನಿಯಮ. ಬಸ್ ಸ್ಟ್ಯಾಂಡ್ ಹತ್ತಿರದ ಸೈಕಲ್ ಶಾಪಿಗೆ ಹೋಗಿ ಹಳೇ ಚಕ್ರದ ಕಡ್ಡಿ ತರಬೇಕಿತ್ತು. ಅಂಗಡಿಯ ಚಾಚಾ ಅವುಗಳ ಎರಡೂ ತುದಿ ಕತ್ತರಿಸಿ, ಅರ ಹಾಕಿ ಚೂಪು ಮಾಡಿ ಕೊಡುತ್ತಿದ್ದರು. ‘ಇದು 14 ನಂಬರ್ ಬೇಟಾ, ಸಣ್ಣ ಹೆಣಿಗೆ ಬರುತ್ತೆ’ ಎಂದು ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಹೆಣಿಗೆ ಕಡ್ಡಿಯ ಹಳೆಯ ಬ್ರಿಟಿಷ್ ನಂಬರುಗಳು ತಂತಿಯ ಗೇಜಿನಿಂದಲೇ ಬಂದವು. ಸೈಕಲ್ಲಿನ 14 ಗೇಜಿನ ಕಡ್ಡಿಯೂ 14 ನಂಬರಿನ ಹೆಣಿಗೆ ಕಡ್ಡಿಯೂ ಸುಮಾರು 2 ಮಿಲಿಮೀಟರ್ ದಪ್ಪ. ನಂಬರು ಇಳಿದ ಹಾಗೆ ಕಡ್ಡಿ ದಪ್ಪವಾಗುತ್ತದೆ, 8 ನಂಬರಿನದು 4 ಮಿಲಿಮೀಟರ್. ಸೈಕಲ್ ಕಡ್ಡಿಯಲ್ಲಿ ಹೆಣೆದರೆ ಕೆಲಸ ಬಹಳ ನಿಧಾನ, ಬಟ್ಟೆ ಬಿಗಿ. ಆದರೆ ಅದರಲ್ಲಿ ಪಳಗಿದ ಬೆರಳಿಗೆ ದಪ್ಪ ಕಡ್ಡಿ ಕೊಟ್ಟಾಗ ಕೆಲಸ ಹಗುರಾಗಿ ಓಡುತ್ತಿತ್ತು.

ನಾಲ್ಕು ಕಡ್ಡಿಯ ಪಾಠ ಒಂದು ಎಚ್ಚರಿಕೆಯಿಂದ ಶುರುವಾಗುತ್ತಿತ್ತು. ಕುಣಿಕೆ ಹಾಕಿ ಮುಗಿಸಿ ಸುತ್ತನ್ನು ಕೂಡಿಸುವ ಮೊದಲು ಎಲ್ಲ ಕುಣಿಕೆಗಳ ಬುಡವೂ ಒಳಮುಖವಾಗಿ ಒಂದೇ ಸಾಲಿಗೆ ಇದೆಯೇ ನೋಡಬೇಕು. ಒಂದು ಕಡೆ ತಿರುಚಿಕೊಂಡರೂ ಆಮೇಲೆ ಬಿಡಿಸಲಾಗದು. ಇಡೀ ಟೋಪಿ ತಿರುಚಿಕೊಂಡೇ ಬೆಳೆಯುತ್ತದೆ. ಆರಂಭದ ಜಾಗಕ್ಕೆ ಬೇರೆ ಬಣ್ಣದ ದಾರದ ತುಂಡು ಕಟ್ಟಿಕೊಳ್ಳಬೇಕು. ಅಲ್ಲಿಂದ ಮುಂದೆ ಯೋಚನೆ ಬೇಡ. ಎರಡು ಕಡ್ಡಿಯಲ್ಲಿ ಅತ್ತಿಂದಿತ್ತ ಹೆಣೆಯುವಾಗ ಪ್ರತಿ ಸಾಲಿಗೂ ಬಟ್ಟೆ ಮಗುಚಬೇಕು, ಎದುರಿಗೆ ಸೀದಾ ಇದ್ದದ್ದು ಹಿಂದಿನಿಂದ ಉಲ್ಟಾ ಆಗುತ್ತದೆ. ಸುತ್ತಿನಲ್ಲಿ ಯಾವಾಗಲೂ ಟೋಪಿಯ ಹೊರಮೈಯೇ ನಮ್ಮ ಕಡೆ. ಸೀದಾದ ಮೇಲೆ ಸೀದಾ, ಉಲ್ಟಾದ ಮೇಲೆ ಉಲ್ಟಾ. ಸೀದಾ ಪಟ್ಟೆ ಮುಂದಕ್ಕೆ ಬರುತ್ತದೆ, ಉಲ್ಟಾ ಪಟ್ಟೆ ಹಿಂದಕ್ಕೆ ಸರಿಯುತ್ತದೆ, ಬಟ್ಟೆ ಹಾರ್ಮೋನಿಯಮ್ಮಿನ ತಿದಿಯ ಹಾಗೆ ಮಡಿಚಿ ಕೂರುತ್ತದೆ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ತಲೆಯನ್ನು ಹಿಡಿದುಕೊಳ್ಳುತ್ತದೆ. ಹೀಗಾಗಿ ರಿಬ್ಬಿನ ಟೋಪಿಯೊಂದು ಮನೆಯ ಮೂರು ನಾಲ್ಕು ತಲೆಗೆ ಹೊಂದುತ್ತಿತ್ತು, ಅಳತೆ ಟೇಪಿನ ಹಂಗಿರಲಿಲ್ಲ.

‘ಎಣಿಸಬೇಡ. ಕೆಳಗೆ ಏನೈತೆ ನೋಡು, ಮೇಲೆ ಏನು ಬರಬೇಕು ಅಂತ ಅದೇ ಹೇಳ್ತೈತೆ’ ಎಂದು ನಮ್ಮ ಊರಿನ ಮಾತನ್ನೇ ಕಲಿತು ಹೇಳುತ್ತಿದ್ದರು. ಕಡ್ಡಿಯ ಕೆಳಗೆ ಬಾಣದ ತುದಿಯಂತಹ ಗುರುತಿದ್ದರೆ ಸೀದಾ, ಅಡ್ಡ ಗಂಟಿದ್ದರೆ ಉಲ್ಟಾ. ಸಂಜೆ ಕರೆಂಟು ಹೋದಾಗ ಯಾರೂ ಕೆಲಸ ನಿಲ್ಲಿಸುವಂತಿರಲಿಲ್ಲ. ಹೆಬ್ಬೆರಳು ಸವರಿದರೆ ಉಬ್ಬು ಯಾವುದು, ತಗ್ಗು ಯಾವುದು ತಿಳಿಯುತ್ತದೆ. ಕತ್ತಲಲ್ಲಿ ಹೆಣೆಯುವುದನ್ನು ನಾವು ಹಾಗೆ ಕಲಿತೆವು. ಮುಂದೆ ಬ್ಯಾಂಕಿನ ಲೆಡ್ಜರುಗಳ ಮುಂದೆ ಕೂತು ದುಡಿದ ಅಷ್ಟೂ ವರ್ಷ ಆ ಅಭ್ಯಾಸ ನನ್ನ ಕೈ ಹಿಡಿದಿದೆ. ಪುಟದ ಕೊನೆಯ ಮೊತ್ತಕ್ಕೆ ಹಾರದೆ ಹಿಂದಿನ ಸಾಲು ಏನು ಹೇಳುತ್ತಿದೆ ಎಂದು ಮೊದಲು ನೋಡುವುದು ಆ ಪಡಸಾಲೆಯಲ್ಲಿ ಬಂದ ಬುದ್ಧಿ.

ಇಷ್ಟು ಕೊಟ್ಟವರ ಬಗ್ಗೆ ಈಗ ಬೇರೆ ಮಾತನ್ನೂ ಹೇಳಬೇಕು. ಟೀಚರಮ್ಮ ಬಹಳ ಕಟುವಾಗಿದ್ದರು. ಒಂದು ಸೀದಾ ಹೋಗಿ ಉಲ್ಟಾ ಆಗಿದ್ದರೂ ಕಡ್ಡಿ ಎಳೆದು ಇಡೀ ಹೆಣಿಗೆ ಬಿಚ್ಚಿ, ಗುಂಗುರಾದ ದಾರವನ್ನು ಮಡಿಲಿಗೆ ಹಾಕುವರು. ರಿಬ್ಬಿನಲ್ಲಿ ಅದರ ಅಗತ್ಯವೇ ಇಲ್ಲ. ತಪ್ಪಿದ ಆ ಒಂದು ಕುಣಿಕೆಯನ್ನಷ್ಟೇ ಕಡ್ಡಿಯಿಂದ ಜಾರಿಸಿ, ತಪ್ಪಾದ ಸಾಲಿನವರೆಗೂ ಏಣಿಯಂತೆ ಇಳಿಬಿಟ್ಟು, ಕ್ರೋಶಾ ಕಡ್ಡಿಯಿಂದ ಒಂದೊಂದೇ ಮೆಟ್ಟಿಲು ಮೇಲಕ್ಕೆ ಎತ್ತಿಕೊಂಡು ಬರಬಹುದು. ಅವರಿಗೆ ಅದು ಗೊತ್ತಿತ್ತು. ಮಾರುವ ಸ್ವೆಟರುಗಳಲ್ಲಿ ಹಾಗೆಯೇ ಸರಿ ಮಾಡಿಕೊಳ್ಳುವುದನ್ನು ನಾನು ಕಂಡಿದ್ದೇನೆ. ನಮಗೆ ಕಲಿಸಲಿಲ್ಲ. ಬಿಚ್ಚಿಸಿಕೊಂಡು ಅತ್ತ ಇಬ್ಬರು ಹುಡುಗಿಯರು ಮತ್ತೆ ಆ ಕಡೆ ಬರಲೇ ಇಲ್ಲ. ಭಯದಿಂದ ಶಿಸ್ತು ಬರುತ್ತದೆಂದು ಆಗ ಎಲ್ಲ ಮೇಷ್ಟರುಗಳೂ ನಂಬಿದ್ದರು. ಸರಿಪಡಿಸಿಕೊಳ್ಳುವ ದಾರಿಯನ್ನು ಮಕ್ಕಳಿಂದ ಬಚ್ಚಿಡುವುದು ಶಿಸ್ತಲ್ಲ ಎಂಬುದು ನನ್ನ ಈಗಿನ ಖಚಿತ ಅಭಿಪ್ರಾಯ.

ಪಡಸಾಲೆಗೆ ಯಾರು ಬರುತ್ತಿದ್ದರು, ಯಾರು ಬರುತ್ತಿರಲಿಲ್ಲ ಎಂಬುದನ್ನೂ ನೆನೆಯುತ್ತೇನೆ. ತಿಂಗಳಿಗೆ ಫೀಜು ಕೊಡುವ ಮನೆಗಳ ಮಕ್ಕಳು ಬರುತ್ತಿದ್ದೆವು. ಕೇರಿಯ ಹುಡುಗಿಯರು, ಅಡಿಕೆ ಸುಲಿಯಲು ಕೂಲಿಗೆ ಹೋಗುವವರ ಮಕ್ಕಳು ಬೀದಿಯಲ್ಲಿ ನಿಂತು ಕಿಟಕಿಯಿಂದ ನೋಡುತ್ತಿದ್ದರು. ಅವರನ್ನು ಒಳಗೆ ಕರೆದಿದ್ದರೆ ನಮ್ಮ ಮನೆಗಳವರು ನಮ್ಮನ್ನು ಕಳಿಸುತ್ತಿರಲಿಲ್ಲ. ಹೊರಗಿನಿಂದ ಬಂದ ಒಂಟಿ ಹೆಂಗಸು ಊರನ್ನು ಎದುರು ಹಾಕಿಕೊಂಡು ಬದುಕುವುದು ಸಾಧ್ಯವಿರಲಿಲ್ಲ. ತಪ್ಪು ಊರಿನದು, ಅದರಲ್ಲಿ ನಮ್ಮ ಮನೆಗಳ ಪಾಲೇ ದೊಡ್ಡದು. ಗಂಡು ಹುಡುಗರಂತೂ ಅತ್ತ ಸುಳಿಯುತ್ತಿರಲಿಲ್ಲ. ಯುರೋಪಿನಲ್ಲಿ ಒಂದು ಕಾಲಕ್ಕೆ ಇದು ಗಂಡಸರ ಕಸುಬು, ಟೋಪಿ ಹೆಣೆಯುವವರಿಗೆ ಅವರದೇ ಸಂಘಗಳಿದ್ದವು. 1571ರಲ್ಲಿ ಇಂಗ್ಲೆಂಡಿನಲ್ಲಿ ಆರು ವರ್ಷ ದಾಟಿದವರು, ದೊಡ್ಡ ಮನೆತನದವರೇ ಮೊದಲಾದ ಕೆಲವರ ಹೊರತು, ಭಾನುವಾರ ಹಬ್ಬಗಳಂದು ಉಣ್ಣೆ ಟೋಪಿ ಹಾಕಲೇಬೇಕೆಂದು ಕಾನೂನನ್ನೇ ಮಾಡಿದರು. ಆ ಕಸುಬಿನವರ ಹೊಟ್ಟೆಪಾಡು ಉಳಿಸಲು ಮಾಡಿದ ಕಾನೂನು ಅದು. ನಮ್ಮಲ್ಲಿ ಅದೇ ಕೆಲಸ ‘ಮದುವೆಗೆ ಮುಂಚೆ ಹೆಣ್ಣುಮಕ್ಕಳಿಗೆ ನಾಲ್ಕು ಕೆಲಸ ಬರಲಿ’ ಎಂಬ ಮಾತಿಗೆ ಇಳಿಯಿತು. ಟೀಚರಮ್ಮನ ಒಲೆ ಉರಿಯುತ್ತಿದ್ದದ್ದು ಆ ಕಡ್ಡಿಗಳಿಂದಲೇ ಎಂದು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಸ್ವೆಟರ್ ಹಾಕಿಸಿಕೊಂಡು ‘ದುಡ್ಡು ಆಮೇಲೆ’ ಎಂದವರಲ್ಲಿ ಊರಿನ ಉಳ್ಳವರೇ ಹೆಚ್ಚು.

ನಾನು ಮುಗಿಸಿದ ಮೊದಲ ದೊಡ್ಡ ಟೋಪಿ ಅಪ್ಪನಿಗೆ. ಮೆರೂನ್ ಬಣ್ಣದ ಕ್ಯಾಶ್ಮಿಲಾನ್. ಉಲ್ಲನ್ ಎಂದರೆ ನಮಗೆಲ್ಲ ಅದೇ, ದಾವಣಗೆರೆಯ ಅಂಗಡಿಯಿಂದ ಲಡಿ ಲಡಿಯಾಗಿ ಬರುತ್ತಿದ್ದ ಹೊಳಪಿನ ದಾರ. ಅಪ್ಪ ಮಾತು ಕಡಿಮೆಯ ಮನುಷ್ಯ. ಟೋಪಿಯನ್ನು ಕಿವಿಯವರೆಗೂ ಎಳೆದುಕೊಂಡು, ಅಂಚು ಒಮ್ಮೆ ಮಡಿಚಿ, ‘ಕಿವಿ ಬೆಚ್ಚಗಾತು’ ಎಂದ. ಅಷ್ಟೇ ಅಂದರೂ ಆ ಚಳಿಗಾಲವೆಲ್ಲ ನೀರು ಕಟ್ಟಲು ಹೋದಾಗ, ಅಡಿಕೆ ಬೇಯಿಸುವ ಒಲೆಯ ಮುಂದೆ ಕೂತಾಗ ಅದು ಅವನ ತಲೆಯ ಮೇಲೇ ಇತ್ತು. ಒಂದು ರಾತ್ರಿ ಹಂಡೆಯ ಕೆಳಗೆ ಸೌದೆ ಸರಿಸುವಾಗ ಕಿಡಿಗಳು ಹಾರಿದವು. ಟೋಪಿಯ ಪಕ್ಕದಲ್ಲಿ ಕಾಸಿನಗಲ ತೂತಾಗಿ, ಅಂಚು ಕರಗಿ ಗಟ್ಟಿಯಾಗಿ, ಅಪ್ಪನ ಕಿವಿಯ ಮೇಲೆ ಸಣ್ಣ ಬೊಬ್ಬೆ ಎದ್ದಿತು. ಅದೇ ಕಿಡಿಗಳು ಬಿದ್ದ ಕಂಬಳಿಯ ಮೇಲೆ ಸುಟ್ಟ ವಾಸನೆ ಬಿಟ್ಟರೆ ಏನೂ ಆಗಿರಲಿಲ್ಲ.

ನಮ್ಮ ಮನೆಗೆ ಕುರುಬರ ಅಜ್ಜಿಯೊಬ್ಬಳು ಬರುತ್ತಿದ್ದಳು. ಬೇಸಿಗೆಯಲ್ಲಿ ಅವರ ಕುರಿಗಳನ್ನು ನಮ್ಮ ಹೊಲದಲ್ಲಿ ಹಟ್ಟಿ ಹಾಕಿಸುತ್ತಿದ್ದೆವು, ಗೊಬ್ಬರಕ್ಕಾಗಿ. ಆ ಪರಿಚಯ. ಕೂತರೂ ನಡೆದರೂ ಅವಳ ಕೈಯಲ್ಲಿ ಕದಿರು ತಿರುಗುತ್ತಿತ್ತು. ತೂತಾದ ಟೋಪಿಯನ್ನು ತಿರುವಿ ನೋಡಿ, ಮೂಸಿ, ‘ಇದ್ರಾಗೆ ಕುರಿ ಇಲ್ಲವ್ವ’ ಎಂದಳು. ಒಲೆಯ ಹತ್ತಿರ ಕರೆದು ಮೊದಲು ನನ್ನ ದಾರದ ತುಂಡನ್ನು ಕೆಂಡಕ್ಕೆ ಹಿಡಿದಳು. ಅದು ಕರಗಿ ಕಪ್ಪು ಮಣಿಯಾಗಿ ಗಟ್ಟಿಯಾಯಿತು. ಆಮೇಲೆ ತನ್ನ ಕದಿರಿನ ನೂಲು. ಕೂದಲು ಸುಟ್ಟ ವಾಸನೆ ಬಂತು, ಕೆಂಡದಿಂದ ಈಚೆ ತೆಗೆದೊಡನೆ ತಾನೇ ಆರಿತು, ಬೂದಿ ಬೆರಳಲ್ಲಿ ಪುಡಿಯಾಯಿತು. ಕ್ಯಾಶ್ಮಿಲಾನ್ ಪೆಟ್ರೋಲಿಯಂನಿಂದ ಮಾಡುವ ಅಕ್ರಿಲಿಕ್ ಎಳೆ ಎಂದು ನಾನು ಓದಿ ತಿಳಿದದ್ದು ಎಷ್ಟೋ ಕಾಲದ ಮೇಲೆ. ಅಕ್ಷರ ಬಾರದ ಆ ಅಜ್ಜಿ ಒಂದು ಕೆಂಡದಲ್ಲಿ ಅದನ್ನು ತೋರಿಸಿಬಿಟ್ಟಿದ್ದಳು.

ಅವಳ ನೂಲಿನ ಹಿಂದೆ ಎಷ್ಟು ಕೆಲಸವಿತ್ತು! ವರ್ಷಕ್ಕೆ ಎರಡು ಸಲ ಕುರಿಯ ಉಣ್ಣೆ ಕತ್ತರಿಸಬೇಕು, ಬಿಡಿಸಬೇಕು, ಬಿಲ್ಲಿನಿಂದ ಹಿಂಜಬೇಕು. ಹೆಂಗಸರು ನೂಲಬೇಕು, ಗಂಡಸರು ಹುಣಸೆ ಬೀಜದ ಗಂಜಿ ಹಚ್ಚಿ ಕುಣಿ ಮಗ್ಗದಲ್ಲಿ ನೇಯಬೇಕು. ಜಗಳೂರು, ಚಳ್ಳಕೆರೆ ಸೀಮೆಯ ಕರಿ ಕಂಬಳಿ ಮಳೆಗೆ ಕೊಪ್ಪೆ, ರಾತ್ರಿಗೆ ಹಾಸಿಗೆ, ಹೊಲದಲ್ಲಿ ಕಾಳು ಒಣಗಿಸಲು ಚಾಪೆ, ಮದುವೆ ಪೂಜೆಗಳಲ್ಲಿ ಗದ್ದಿಗೆ. ಅದನ್ನು ದೇವರ ಕೆಳಗೆ ಹಾಸುತ್ತಿದ್ದ ಮನೆಗಳೇ ಅದನ್ನು ನೂತವಳನ್ನು ಕಟ್ಟೆಯ ಮೇಲೆ ಕೂರಿಸಿ ಮಾತಾಡಿಸುತ್ತಿದ್ದವು. ಟೀಚರಮ್ಮನಿಗೂ ಕಂಬಳಿಯೆಂದರೆ ವಾಸನೆ, ಚುಚ್ಚುವ ಒರಟು ವಸ್ತು. ದಾರ ಮಾಡಲು ಬಲ್ಲವಳು ಒಂದು ಬೀದಿಯಲ್ಲಿ, ದಾರವನ್ನು ಟೋಪಿ ಮಾಡಲು ಬಲ್ಲವರು ಇನ್ನೊಂದು ಬೀದಿಯಲ್ಲಿ. ಒಂದು ಚಾಪೆಯ ಮೇಲೆ ಅವರಿಬ್ಬರೂ ಎಂದೂ ಕೂರಲಿಲ್ಲ. ನಮ್ಮೂರು ಕಳೆದುಕೊಂಡದ್ದು ಅದನ್ನು.

ಇಬ್ಬರ ಕಸುಬನ್ನೂ ಕಾಲ ಒಂದೇ ಬಗೆಯಲ್ಲಿ ಹಿಂದಕ್ಕೆ ತಳ್ಳಿತು. ಚಳಿಗಾಲ ಬಂತೆಂದರೆ ಬೈಲಕುಪ್ಪೆ, ಮುಂಡಗೋಡಿನ ಕಡೆಯ ಟಿಬೆಟನ್ನರು ಊರೂರಲ್ಲಿ ಸ್ವೆಟರ್ ಅಂಗಡಿ ಹಾಕತೊಡಗಿದರು. ನೆಲೆ ಕಳೆದುಕೊಂಡು ಬಂದವರ ದುಡಿಮೆ ಅದು, ಅವರ ಮೇಲೆ ದೂರಿಲ್ಲ. ಆದರೆ ಲೂಧಿಯಾನದ ಯಂತ್ರಗಳಲ್ಲಿ ತಯಾರಾದ ಆ ಮಾಲು ಟೀಚರಮ್ಮ ಕೊಳ್ಳುವ ದಾರಕ್ಕಿಂತ ಅಗ್ಗವಾಗಿ ಸಿಕ್ಕಾಗ ಅವರಿಗೆ ಆರ್ಡರು ಕೊಡುವವರು ಇಲ್ಲವಾದರು. ತಾಯಿ ತೀರಿದ ಮೇಲೆ ಅವರು ಊರು ಬಿಟ್ಟರು. ಬೀಳ್ಕೊಡುವ ಸಮಾರಂಭ ಯಾರೂ ಮಾಡಲಿಲ್ಲ. ಇತ್ತ ಕುರಿಗೆ ಮಾಂಸದ ಬೆಲೆಯೇ ಬೆಲೆಯಾಯಿತು. ದಖ್ಖನಿ ಕುರಿಯ ಮಂದೆಗಳಿಗೆ ಉಣ್ಣೆ ಇಲ್ಲದ, ಬೇಗ ತೂಕ ಬರುವ ತಳಿಗಳು ಸೇರಿದವು. ಕತ್ತರಿಸಿದ ಉಣ್ಣೆಗೆ ಕತ್ತರಿಸುವ ಕೂಲಿಯೂ ಹುಟ್ಟದೆ ಹೊಲದ ಬದುವಿಗೆ ಎಸೆಯುವ ಕುರಿಗಾಹಿಗಳನ್ನು ಈಗ ನಮ್ಮ ಜಿಲ್ಲೆಯಲ್ಲೇ ನೋಡಬಹುದು. ತಮ್ಮನ ಮಗಳ ಟೋಪಿಯ ದಾರ ಆಸ್ಟ್ರೇಲಿಯಾದ ಮೆರಿನೊ. ಹಡಗು ಹತ್ತಿ ಬಂದ ಉಣ್ಣೆಗೆ ಅವಳು ಸಂತೋಷದಿಂದ ದುಡ್ಡು ಕೊಟ್ಟಿದ್ದಾಳೆ.

ಹಬ್ಬ ಮುಗಿದ ಮೇಲೆ ಜಗಳೂರಿನ ಕಡೆಯಿಂದ ಕೈಯಲ್ಲಿ ನೂತ ಕರಿ ಉಣ್ಣೆ ತರಿಸಿ ನಾಲ್ಕು ಕಡ್ಡಿಯಲ್ಲಿ ಅದೇ ರಿಬ್ಬಿನ ಟೋಪಿ ಹೆಣೆದೆ. ಅದರ ಗುಣವನ್ನು ಇದ್ದಂತೆ ಹೇಳಬೇಕು. ದಖ್ಖನಿ ಉಣ್ಣೆಯ ಎಳೆ ದಪ್ಪ, ಹಣೆಗೆ ಚುಚ್ಚುತ್ತದೆ. ಮೆರಿನೊದಂತೆ ಪುಟಿಯುವುದಿಲ್ಲ, ರಿಬ್ಬು ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಎರಡು ಸೀದಾ ಎರಡು ಉಲ್ಟಾದ ಬದಲು ಒಂದು ಸೀದಾ ಒಂದು ಉಲ್ಟಾ ಹಾಕಿ, ಒಂದು ನಂಬರು ಸಣ್ಣ ಕಡ್ಡಿ ಹಿಡಿದಾಗ ಹಿಡಿತ ಬಂತು. ಅಂಚಿನ ಒಳಗೆ ಹಳೇ ಮೆತ್ತನೆಯ ಸೀರೆಯ ಪಟ್ಟಿ ಕೊಟ್ಟ ಮೇಲೆ ಚುಚ್ಚುವುದೂ ನಿಂತಿತು. ಬೆಳಗಿನ ಇಬ್ಬನಿಯಲ್ಲಿ ತೋಟ ಸುತ್ತಿ ಬಂದ ತಮ್ಮ, ಮೇಲೆ ಹನಿ ಕೂತಿದ್ದರೂ ಒಳಗೆ ತಲೆ ಒಣಗಿದೆ ಎಂದ. ಇಲ್ಲಿನ ಉಣ್ಣೆಗೆ ಇಲ್ಲಿನ ಚಳಿ ಗೊತ್ತಿದೆ. ಅದನ್ನು ಹೇಗೆ ಹೆಣೆಯಬೇಕೆಂದು ನಾವು ಯಾರೂ ಇಷ್ಟು ದಿನ ಕೂತು ನೋಡಿರಲಿಲ್ಲ, ಅಷ್ಟೇ.

ಟೀಚರಮ್ಮನ ಮೇಲಿನ ಪ್ರೀತಿ ಈ ಎಲ್ಲ ಲೆಕ್ಕದ ಮೇಲೂ ಕಡಿಮೆಯಾಗಿಲ್ಲ. ಹೊರಗಿನ ಹೆಂಗಸೊಬ್ಬಳು ನಮ್ಮ ಬೆರಳುಗಳಿಗೆ ಕಣ್ಣು ಕೊಟ್ಟಳು. ಆ ಋಣ ತೀರಿಸುವುದೆಂದರೆ ಅವರು ಮಾಡಿದ್ದನ್ನು ಅವರಿಗೆ ಮಾಡಲು ಬಿಡದಿದ್ದ ರೀತಿಯಲ್ಲಿ ಮುಂದುವರಿಸುವುದು. ನಮ್ಮ ತಾಲ್ಲೂಕಿನ ಶಾಲೆಗಳಲ್ಲಿ ವಾರಕ್ಕೆ ಒಂದು ಪಿರಿಯಡ್ಡಾದರೂ ಕಡ್ಡಿ ಹೆಣಿಗೆಗೆ ಇರಲಿ. ಹುಡುಗರೂ ಹುಡುಗಿಯರೂ ಕೂರಲಿ, ಯಾವ ಕೇರಿಯ ಮಗುವೂ ಕಿಟಕಿಯ ಹೊರಗೆ ನಿಲ್ಲದಿರಲಿ. ನೂಲುವ ಅಜ್ಜಿಯರು ಇನ್ನೂ ಇದ್ದಾರೆ. ಅವರನ್ನೂ ಹೆಣಿಗೆ ಬಲ್ಲವರನ್ನೂ ಒಟ್ಟಿಗೆ ಕರೆಸಿ, ಇಬ್ಬರಿಗೂ ಸಂಬಳ ಕೊಟ್ಟು, ಕುರ್ಚಿ ಕೊಟ್ಟು ಕಲಿಸಲು ಹೇಳಲಿ. ಮಗು ತಪ್ಪಿದಾಗ ಬಿಚ್ಚಿ ಎಸೆಯದೆ ಕುಣಿಕೆ ಎತ್ತಿಕೊಳ್ಳುವುದನ್ನು ಮೊದಲ ವಾರವೇ ತೋರಿಸಲಿ. ಉಣ್ಣೆ ಹೊಲದ ಬದುವಿನಲ್ಲೇ ಬಿದ್ದಿದೆ, ಕಡ್ಡಿಗೆ ಸೈಕಲ್ ಶಾಪಿನವರು ಇವತ್ತಿಗೂ ಇಲ್ಲವೆನ್ನುವುದಿಲ್ಲ. ಊರು ಮನಸ್ಸು ಮಾಡುವುದೊಂದೇ ಬಾಕಿ.